ಚೆಲುವಮ್ಮನ ಬಾಯಿಬೀಗ

ಕಾಳಯ್ಯನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಅವನು ಕೆಟ್ಟವನಲ್ಲ, ಕುಡುಕನಲ್ಲ, ಯಾರ ಮನೆಗೂ ಎರಡು ಬಗೆದವನಲ್ಲ. ಆದರೆ ‘ಆಗಲ್ಲ’ ಎಂಬ ಒಂದು ಮಾತನ್ನು ಹೇಳಬೇಕಾದ ಕಡೆ ಅವನು ಹೇಳಲಿಲ್ಲ. ಹೇಳಿದ್ದರೆ ನನ್ನ ತಂಗಿ ಅತ್ತುಕೊಂಡು ಮನೆಗೆ ಬರುತ್ತಿದ್ದಳು. ಎರಡು ದಿನ ಅಳುತ್ತಿದ್ದಳು, ಮೂರನೇ ದಿನ ಸೀರೆಗೆ ಕುಚ್ಚು ಕಟ್ಟಲು ಕೂರುತ್ತಿದ್ದಳು. ಅಷ್ಟೇ ಆಗುತ್ತಿತ್ತು.

ಕಾಳಯ್ಯ ಗಾರೆ ಮೇಸ್ತ್ರಿ. ಕೆಸರೆಯಲ್ಲಿ ನಮ್ಮ ಬೀದಿಯ ಮಾರಮ್ಮನ ಗುಡಿಗೆ ಬಾಯಿಬೀಗ ಹಾಕುವವನೂ ಅವನೇ. ಹರಕೆ ಹೊತ್ತವರು ಹಬ್ಬದ ಬೆಳಿಗ್ಗೆ ಮಿಂದು, ಅರಿಶಿನದ ಬಟ್ಟೆಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಇವನು ವಿಭೂತಿ ಉಜ್ಜಿ, ಸಣ್ಣ ಬೆಳ್ಳಿಯ ಸರಳನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸುತ್ತಾನೆ. ಮೂರು ಸುತ್ತು ಗುಡಿ ಸುತ್ತಿ ಬಂದಮೇಲೆ ತೆಗೆಯುತ್ತಾನೆ. ಅವನ ಕೈಯಲ್ಲಿ ಒಂದು ತೊಟ್ಟು ರಕ್ತ ಬೀಳುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅವನೂ ಹೇಳಿಕೊಳ್ಳುತ್ತಿದ್ದ. ಅದು ಅಮ್ಮನ ಮಹಿಮೆ ಎನ್ನುತ್ತಿದ್ದ. ಅದರಲ್ಲಿ ಅವನದೂ ಸ್ವಲ್ಪ ಇದೆ ಎಂದು ಅವನ ಮೀಸೆ ಹೇಳುತ್ತಿತ್ತು.

ನನ್ನ ತಂಗಿ ಚೆಲುವಮ್ಮ. ನನಗೂ ಅವಳಿಗೂ ಆರು ವರ್ಷ ಅಂತರ. ಚಿಕ್ಕವಳಿದ್ದಾಗ ಅವಳಿಗೆ ಮತ್ತೆ ಮತ್ತೆ ಗಂಟಲು ನೋವು, ಜ್ವರ, ಮಂಡಿ ಊತ. ಅವ್ವ ಬಿಸಿನೀರು ಕಾಯಿಸಿ ಮಂಡಿಗೆ ಕಾವು ಕೊಡುತ್ತಿದ್ದಳು. ಆ ಜ್ವರ ಮಂಡಿಯನ್ನು ಬಿಟ್ಟು ಎದೆಗೆ ಹೋಗುತ್ತದೆ ಎಂದು ನಮಗೆ ಯಾರೂ ಹೇಳಲಿಲ್ಲ. ಮದುವೆಯಾಗಿ ಎರಡು ವರ್ಷಕ್ಕೆ ಮೆಟ್ಟಿಲು ಹತ್ತಲಾರದೆ ಕೂತುಬಿಟ್ಟಳು. ಹೃದಯದ ವಾಲ್ವು ಸವೆದು ಹೋಗಿದೆ, ಲೋಹದ್ದು ಹಾಕಬೇಕು ಎಂದರು ಆಸ್ಪತ್ರೆಯಲ್ಲಿ.

ಅವಳ ಗಂಡ ಪ್ರೇಮ್‌ಕುಮಾರ್, ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ. ಅವರ ಮನೆಯವರು ಬುದ್ಧನ ದಾರಿ ಹಿಡಿದವರು. ಮನೆಯಲ್ಲಿ ಬುದ್ಧನ ಫೋಟೋ ಬಿಟ್ಟರೆ ಬೇರೆ ದೇವರಿಲ್ಲ. ಅದಕ್ಕೆ ನಾನು ಏನೂ ಅನ್ನುವುದಿಲ್ಲ, ಅವನು ನನ್ನ ತಂಗಿಯನ್ನು ಚೆನ್ನಾಗಿ ನೋಡಿಕೊಂಡ. ಆದರೆ ಆಪರೇಷನ್ ನಡೆಯುವಾಗ ಅವನು ಬಾಗಿಲ ಈ ಕಡೆ ಕೂತು ಕೈ ಉಜ್ಜುತ್ತಿದ್ದ. ನಮ್ಮ ಅವ್ವ ಆ ಕಡೆ ಗೋಡೆಗೆ ಹಣೆ ಒತ್ತಿ ನಿಂತಿದ್ದಳು.

“ಮಾರವ್ವ, ನನ್ನ ಕೂಸು ಕಣ್ಬುಟ್ರೆ ಬಾಯಿಗೆ ಬೀಗ ಹಾಕಿಸ್ತೀನಿ ಕಣವ್ವ” ಎಂದಳು. ಗಟ್ಟಿಯಾಗಿಯೇ ಅಂದಳು. ನನಗೂ ಕೇಳಿಸಿತು, ಪ್ರೇಮ್‌ಕುಮಾರನಿಗೂ ಕೇಳಿಸಿತು.

“ಯಾರ ಬಾಯ್ಗೆ ಅತ್ತೆ?” ಎಂದ ಅವನು.

“ಅವಳ್ದೇ. ಬದುಕ್ದೋರು ತಾನೆ ತೀರಿಸಬೇಕು.”

ಚೆಲುವಿ ಕಣ್ಣುಬಿಟ್ಟಳು.

ಮನೆಗೆ ಕಳಿಸುವ ದಿನ ವರ್ಷಿಣಿ ಎಂಬ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಮಾತ್ರೆಯ ವಿಷಯ ಹೇಳಿದರು. ಚಿಕ್ಕ ವಯಸ್ಸಿನ ಹುಡುಗಿ, ತಾಳ್ಮೆಯವರು. ವಾರ್ಫರಿನ್ ಎಂಬ ಮಾತ್ರೆ, ದಿನಾ ಸಂಜೆ ಒಂದೇ ಹೊತ್ತಿಗೆ, ಬದುಕಿರುವ ತನಕ.

“ಇದು ರಕ್ತಾನ ನೀರು ಮಾಡೋ ಮಾತ್ರೆನಾ ಮೇಡಂ?” ಎಂದು ಪ್ರೇಮ್‌ಕುಮಾರ್ ಕೇಳಿದ.

“ಹಾಗಂತ ಎಲ್ಲರೂ ಅಂತಾರೆ. ನೀರೇನೂ ಆಗಲ್ಲ. ಗಾಯ ಆದಾಗ ರಕ್ತ ಹೆಪ್ಪುಗಟ್ಟಬೇಕಲ್ಲ, ಅದಕ್ಕೆ ಬೇಕಾದ ಸಾಮಾನನ್ನ ಲಿವರ್ ತಯಾರು ಮಾಡುತ್ತೆ. ಅದರಲ್ಲಿ ನಾಲ್ಕು ಅಂಶಕ್ಕೆ ಕೊನೇ ಕೆಲಸ ಆಗೋಕೆ ವಿಟಮಿನ್ ಕೆ ಬೇಕು. ಒಂದು ಸಲ ಬಳಸಿದ ವಿಟಮಿನ್ನನ್ನ ನಮ್ಮ ಮೈ ಸರಿಮಾಡಿಕೊಂಡು ಮತ್ತೆ ಬಳಸುತ್ತೆ. ಈ ಮಾತ್ರೆ ಅದನ್ನ ತಡೆಯುತ್ತೆ.”

“ಅಂದ್ರೆ ಲಿವರು ಕೆಲಸ ನಿಲ್ಲಿಸ್ತದಾ?” ಎಂದೆ ನಾನು.

“ನಿಲ್ಲಿಸಲ್ಲ. ಅರೆಬರೆ ಮಾಡಿ ಹೊರಗೆ ಬಿಡುತ್ತೆ. ರಕ್ತದಲ್ಲಿ ಸಾಮಾನು ಇರುತ್ತೆ, ಆದರೆ ಹಿಡಿತ ಇರಲ್ಲ.”

ನಾನು ಉದಯಗಿರಿಯಲ್ಲಿ ಲೇತ್ ಕೆಲಸ ಮಾಡುವವನು. ಓದಿದ್ದು ಆರನೇ ಕ್ಲಾಸು. ಆದರೂ ಇದು ನನಗೆ ತಿಳಿಯಿತು. “ಥ್ರೆಡ್ ಹಾಕ್ದೆ ಇರೋ ಬೋಲ್ಟು” ಎಂದೆ.

ಡಾಕ್ಟರಮ್ಮ ಸ್ವಲ್ಪ ಯೋಚಿಸಿ, “ಹಾಗೇ ಅಂದುಕೊಳ್ಳಿ. ಎಲ್ಲಾ ಬೋಲ್ಟಿಗೂ ಥ್ರೆಡ್ ಇದ್ದರೆ ಲೋಹದ ವಾಲ್ವಿನ ಮೇಲೆ ರಕ್ತ ಗಟ್ಟಿಯಾಗಿ ಕೂತುಬಿಡುತ್ತೆ. ಯಾವುದಕ್ಕೂ ಇಲ್ಲದಿದ್ದರೆ ಸಣ್ಣ ಗಾಯಾನೂ ನಿಲ್ಲಲ್ಲ. ನಡುವೆ ಇಡಬೇಕು. ಅದನ್ನ ಅಳೆಯೋಕೇ ತಿಂಗಳಿಗೊಂದು ಸಲ ರಕ್ತದ ಐಎನ್‌ಆರ್ ಟೆಸ್ಟು” ಎಂದರು.

ಸೊಪ್ಪಿನ ಮಾತೂ ಅವತ್ತೇ ಬಂತು. ಸೊಪ್ಪಿನಲ್ಲಿ ಅದೇ ವಿಟಮಿನ್ ತುಂಬಾ ಇರುತ್ತದಂತೆ. “ಸೊಪ್ಪು ಬಿಡಬೇಡಿ. ಈಗ ಎಷ್ಟು ತಿಂತೀರೋ ಅಷ್ಟೇ ತಿಂತಾ ಇರಿ. ಇದ್ದಕ್ಕಿದ್ದಂಗೆ ಜಾಸ್ತಿ ತಿಂದರೆ ಮಾತ್ರೆ ಸೋತುಹೋಗುತ್ತೆ” ಎಂದರು. ಚೆಲುವಿ ತಲೆ ಆಡಿಸಿದಳು. ಅವಳು ಏನು ಕೇಳಿದರೂ ಮರೆಯುವವಳಲ್ಲ. ಅದೂ ಒಂದು ಕೇಡು.

ಹೊಟ್ಟೆಯಲ್ಲಿರುವ ಮಗುವಿಗೆ ಆ ಮಾತ್ರೆ ಆಗದು, ಮಗು ಬೇಕೆಂದರೆ ಮೊದಲೇ ಬಂದು ಹೇಳಬೇಕು ಎಂದೂ ಹೇಳಿದರು. ಗಂಡ ಹೆಂಡತಿ ಅದರ ಬಗ್ಗೆ ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಡಾಕ್ಟರಮ್ಮನ ಹತ್ತಿರ ಹೇಳಲು ಹೋಗಲಿಲ್ಲ. ಮಕ್ಕಳಾಗಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವಳು ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿತಳು. ಎಡಗೈಯಲ್ಲಿ ಸೆರಗಿನ ಅಂಚು ಹಿಡಿದು, ಬಲಗೈಯಲ್ಲಿ ಸೂಜಿ, ರೇಷ್ಮೆ ದಾರ, ಮಣಿ. ಬೇಬಿ ಕುಚ್ಚು, ಮಣಿ ಕುಚ್ಚು, ಮೂರು ಮೆಟ್ಟಿಲ ಕುಚ್ಚು. ಅಗ್ರಹಾರದ ಮನೆಗಳಿಂದ ಮದುವೆ ಸೀರೆಗಳು ಬರುತ್ತಿದ್ದವು. ಮಾತಾಡುತ್ತಾ ಕಟ್ಟುತ್ತಿದ್ದಳು, ಕೈ ನೋಡುತ್ತಿರಲಿಲ್ಲ. ಮನೆ ನಿಶ್ಶಬ್ದವಾಗಿದ್ದರೆ ಅವಳ ಎದೆಯ ವಾಲ್ವು ಟಿಕ್ ಟಿಕ್ ಅನ್ನುವುದು ಪಕ್ಕದಲ್ಲಿ ಕೂತವರಿಗೆ ಕೇಳುತ್ತಿತ್ತು. ಸೀರೆ ಕೊಡಲು ಬಂದವರು ಗೋಡೆ ಗಡಿಯಾರ ಹುಡುಕುತ್ತಿದ್ದರು. “ನಾನೇ ಕಣಮ್ಮ ಗಡಿಯಾರ, ಕೀಲಿ ಮಾತ್ರ ಕೊಡಂಗಿಲ್ಲ” ಎಂದು ನಗುತ್ತಿದ್ದಳು.

ಒಂದು ಸಲ ಸೂಜಿ ಚುಚ್ಚಿ ಹಾಲಿನ ಬಣ್ಣದ ಪಟ್ಟೆ ಸೀರೆಯ ಮೇಲೆ ರಕ್ತ ಬಿತ್ತು. ಬೆರಳು ಬಾಯಲ್ಲಿಟ್ಟುಕೊಂಡರೂ ನಿಲ್ಲಲಿಲ್ಲ, ಬಹಳ ಹೊತ್ತು ಜಿನುಗಿತು. ಅಂದಿನಿಂದ ಹೆಬ್ಬೆರಳಿಗೂ ತೋರುಬೆರಳಿಗೂ ಬಟ್ಟೆ ಸುತ್ತಿ ಕೂರುತ್ತಿದ್ದಳು. ಸೂಜಿ ಚುಚ್ಚಿದಾಗ ಎಷ್ಟು ಹೊತ್ತು ಜಿನುಗುತ್ತದೆ ಎಂದು ನೋಡಿಕೊಳ್ಳುವುದು ಅವಳಿಗೆ ಅಭ್ಯಾಸವಾಯಿತು.

ಹರಕೆ ಮಾತ್ರ ಹಾಗೇ ಉಳಿದಿತ್ತು. ಅವ್ವ ಬೆಳ್ಳಿ ಸರಳು ಮಾಡಿಸಿ, ಅರಿಶಿನದ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದಳು. ಪ್ರತಿ ವರ್ಷ ಹಬ್ಬ ಬಂದಾಗ ಏನಾದರೂ ಒಂದು. ಒಂದು ವರ್ಷ ಸೂತಕ, ಒಂದು ವರ್ಷ ಕೊರೋನಾ, ಒಂದು ವರ್ಷ ಪ್ರೇಮ್‌ಕುಮಾರ್ ಕೈಮುಗಿದು, “ಅತ್ತೆ, ಹರಕೆ ಗಿರಕೆ ನಮ್ಮನೇಲಿ ಬ್ಯಾಡ. ಅವಳ ಮೈಲಿ ಒಂದು ತೂತು ಬಿದ್ರೂ ಕಷ್ಟ” ಎಂದ. ಅವ್ವ ಸರಳನ್ನು ಮತ್ತೆ ಗೂಡಿಗೆ ಇಟ್ಟಳು. ಆಮೇಲೆ ಸತ್ತಳು. ಸಾಯುವ ಮುಂಚೆ ನೀರು ಕೇಳಲಿಲ್ಲ, ನನ್ನನ್ನು ಕೇಳಲಿಲ್ಲ. “ಚೆಲುವಿ, ಬೀಗದ್ದು” ಎಂದಳು. ಅಷ್ಟೇ.

ನಮ್ಮಲ್ಲಿ ಹರಕೆ ಹೇಳಿಕೊಂಡವರು ಅದನ್ನು ತೀರಿಸದೆ ಸತ್ತರೆ ಅವರ ಜೀವ ಗುಡಿಯ ಹೊಸ್ತಿಲಲ್ಲೇ ಕೂತಿರುತ್ತದೆ ಎನ್ನುತ್ತಾರೆ. ನಾನು ನಂಬುವುದಿಲ್ಲ. ಚೆಲುವಿ ನಂಬುತ್ತಿದ್ದಳು. ಗುಡಿಯ ಮುಂದೆ ಹಾದುಹೋಗುವಾಗ ಹೊಸ್ತಿಲು ನೋಡುತ್ತಿದ್ದಳು.

ಹೋದ ವರ್ಷ ಹಬ್ಬಕ್ಕೆ ಸ್ವಲ್ಪ ದಿನ ಇದೆ ಎನ್ನುವಾಗ ಅವಳು ಕಾಳಯ್ಯನ ಮನೆಗೆ ಹೋದಳು. ಅವಳನ್ನು ಬಿಡಲು ಗಾಡಿಯಲ್ಲಿ ಹೋದವನು ನಾನೇ. ಅವನು ಜಗುಲಿಯ ಮೇಲೆ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಅವಳು ಏನನ್ನೂ ಮುಚ್ಚಲಿಲ್ಲ. ವಾಲ್ವು, ಮಾತ್ರೆ, ಸೂಜಿ ಚುಚ್ಚಿದರೆ ನಿಲ್ಲದಿರುವುದು, ಎಲ್ಲ ಹೇಳಿದಳು.

ಕಾಳಯ್ಯನ ಕೈ ಎಣ್ಣೆಯಲ್ಲೇ ನಿಂತಿತು.

“ಆ ಮಾತ್ರೆ ತಗಂಡ್ರೆ ರಕ್ತ ನಿಲ್ಲದಿಲ್ವಾ?”

“ಬೇಗ ನಿಲ್ಲದಿಲ್ಲ ಕಣಣ್ಣ.”

ಅವನು ಗುಡಿಯ ದಿಕ್ಕಿಗೆ ನೋಡಿದ. ನನ್ನ ಕಡೆ ನೋಡಿದ. ಹರಕೆಗೆ ‘ಬೇಡ’ ಎನ್ನುವುದು ಅವರ ಕುಲದಲ್ಲಿ ಇಲ್ಲ. ಅಮ್ಮನ ಕಡೆ ಹೊರಟವರನ್ನು ಅಡ್ಡಗಟ್ಟಿದ ಹಾಗೆ ಆಗುತ್ತದೆಯಂತೆ. ಅದಕ್ಕೆ ಅವನು ಹೇಳಿದ್ದು ಇಷ್ಟು:

“ಅಮ್ಮನದೇನೂ ಅಡ್ಡಿ ಇಲ್ಲ ಕಣವ್ವ. ರಕ್ತ ಗಟ್ಟಿ ಆದ್ಮೇಲೆ ಬಾ. ಹಾಕಣ.”

ಅವನ ಲೆಕ್ಕದಲ್ಲಿ ಅದು ‘ಆಗಲ್ಲ’. ನನಗೂ ಹಾಗೇ ಕೇಳಿಸಿತು. ನಮ್ಮ ಬೀದಿಯಲ್ಲಿ ಹೆಣ್ಣು ಕೊಡಲು ಮನಸ್ಸಿಲ್ಲದವರು ‘ಮುಂದಿನ ವರ್ಷ ನೋಡಣ’ ಅನ್ನುತ್ತಾರಲ್ಲ, ಹಾಗೆ. ಚೆಲುವಿಗೆ ಹಾಗೆ ಕೇಳಿಸಲಿಲ್ಲ. ಅವಳು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ದಾರಿಯಲ್ಲಿ ಗಾಡಿಯ ಹಿಂದೆ ಕೂತು ಏನೋ ಗುನುಗುತ್ತಿದ್ದಳು.

ಅದೇ ವಾರ ಟೆಸ್ಟಿಗೆ ಹೋದಾಗ ಡಾಕ್ಟರಮ್ಮನನ್ನು ಸುತ್ತಿ ಬಳಸಿ ಕೇಳಿದ್ದಾಳೆ. “ಕಿವೀಲಿ ಇನ್ನೊಂದು ತೂತು ಹಾಕಿಸ್ಕಂಡ್ರೆ ಏನಾಯ್ತದೆ ಮೇಡಂ?”

“ಅದೆಲ್ಲ ಬೇಡ ಕಣ್ರೀ. ಹಲ್ಲು ಕೀಳಿಸೋದು, ಆಪರೇಷನ್ನು, ಏನೇ ಇದ್ದರೂ ಮೊದಲು ನನ್ನ ಹತ್ರ ಬನ್ನಿ. ಮಾತ್ರೆ ಏನು ಮಾಡಬೇಕು ಅಂತ ನಾವು ಹೇಳ್ತೀವಿ. ನೀವಾಗೇ ನಿಲ್ಲಿಸಬೇಡಿ” ಎಂದಿದ್ದಾರೆ. ಮಾತ್ರೆ ನಿಲ್ಲಿಸುವುದೂ ಉಂಟು ಎಂಬುದು ಮಾತ್ರ ಅವಳ ತಲೆಯಲ್ಲಿ ನಿಂತಿತು.

ಆಮೇಲೆ ಅವಳು ದಿನಾ ನಮ್ಮ ಮನೆಗೆ ಊಟಕ್ಕೆ ಬರತೊಡಗಿದಳು. ನನ್ನ ಹೆಂಡತಿ ವಸಂತಮ್ಮನಿಗೆ ಸಂತೋಷ.

“ಅತ್ಗೆ, ಇವತ್ತು ದಂಟಿನ ಸೊಪ್ಪು ತಂದಿವ್ನಿ, ಬಸ್ಸಾರು ಮಾಡು.”

“ನಿನ್ನೆ ತಾನೆ ನುಗ್ಗೆ ಸೊಪ್ಪು ತಿಂದ್ಯಲ್ಲೇ. ಬಸುರಿ ಆಗಿದ್ಯೇನೇ?”

“ನಲ್ವತ್ತು ದಾಟ್ತು ಅತ್ಗೆ. ಬಸುರಿ ಅಲ್ಲ, ಮೇಕೆ ಆಗಿವ್ನಿ.”

ಇಬ್ಬರೂ ನಕ್ಕರು. ನಾನೂ ಮುದ್ದೆ ಮುರಿಯುತ್ತಾ ನಕ್ಕೆ. ಎರಡು ಹೊತ್ತೂ ಸೊಪ್ಪು. ದಂಟು, ನುಗ್ಗೆ, ಪಾಲಕ್, ಮೆಂತ್ಯ. ಮನೆಗೆ ಹೋದಮೇಲೆ ಸಂಜೆ ಗಂಡನ ಎದುರಿಗೇ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದಳು. ಅವನು ದಿನಾ ನೋಡುತ್ತಿದ್ದ. ಮಾತ್ರೆ ನಾಲಿಗೆಯ ಕೆಳಗೆ ಇರುತ್ತಿತ್ತು ಎಂದು ಅವನಿಗೇನು ಗೊತ್ತು.

ಒಂದು ದಿನ ಸೂಜಿ ಚುಚ್ಚಿತು. ವಸಂತಮ್ಮ ಪಕ್ಕದಲ್ಲಿದ್ದಳು. ಚಿಕ್ಕದೊಂದು ಚುಕ್ಕಿ ಬಂದು ಅಲ್ಲೇ ನಿಂತಿತಂತೆ. ಚೆಲುವಿ ಬೆರಳನ್ನು ಬೆಳಕಿಗೆ ಹಿಡಿದು, “ನೋಡತ್ಗೆ, ನಿಂತೋಯ್ತು” ಎಂದಳಂತೆ. ಕಳೆದ ಕಿವಿಯೋಲೆ ಸಿಕ್ಕಿದವಳ ಮುಖ ಅವಳದು ಎಂದು ವಸಂತಮ್ಮ ಹೇಳುತ್ತಾಳೆ. ಬೆರಳಿನ ಬಟ್ಟೆ ಬಿಚ್ಚಿ ಎಸೆದಳು.

ಹಬ್ಬದ ಬೆಳಿಗ್ಗೆ ಪ್ರೇಮ್‌ಕುಮಾರ್ ಕೆಲಸಕ್ಕೆ ಹೋದಮೇಲೆ ಅವಳು ಮಿಂದು, ಅರಿಶಿನದ ಸೀರೆ ಉಟ್ಟು, ಅವ್ವನ ಸರಳು ಹಿಡಿದು ಸಾಲಿನಲ್ಲಿ ನಿಂತಳು. ನಾನು ಗುಡಿಯ ಎದುರು ನೀರು ಮಜ್ಜಿಗೆ ಹಂಚುವ ಕಡೆ ಇದ್ದೆ. ಅವಳನ್ನು ಸಾಲಿನಲ್ಲಿ ಕಂಡಾಗ ಚೊಂಬು ಅಲ್ಲೇ ಇಟ್ಟು ಎದ್ದೆ. ಕಾಳಯ್ಯನೂ ಆಗಲೇ ಅವಳನ್ನು ಕಂಡ.

“ಇದೇನವ್ವ, ನೀನು?”

“ನೀನೇ ಹೇಳಿದ್ಯಲ್ಲಣ್ಣ. ಗಟ್ಟಿ ಆಗದೆ. ನೋಡು ಬೇಕಾದ್ರೆ” ಎಂದು ಬೆರಳು ಚಾಚಿದಳು.

ಕಾಳಯ್ಯ ವಿಭೂತಿ ಹಿಡಿದ ಕೈಯನ್ನು ಮೇಲೆತ್ತಲೂ ಇಲ್ಲ, ಇಳಿಸಲೂ ಇಲ್ಲ. ಅವನಿಗೆ ಆಗಲೂ ಒಂದು ಅವಕಾಶ ಇತ್ತು. ಆಗಲೂ ಬಾಯಿ ಬರಲಿಲ್ಲ. ನಾನು ಜನರನ್ನು ತಳ್ಳಿಕೊಂಡು ಹೋಗುವಷ್ಟರಲ್ಲಿ ಅವಳ ಎಡಗೈಯಿಂದ ಸರಳು ಜಾರಿ ಕಲ್ಲಿನ ಮೇಲೆ ಬಿತ್ತು. ಅವಳು ಬಗ್ಗಿ ಎತ್ತಿಕೊಳ್ಳಲು ಹೋದಳು. ಕೈ ಅವಳ ಮಾತು ಕೇಳಲಿಲ್ಲ. ಆಮೇಲೆ ಕಾಲೂ ಕೇಳಲಿಲ್ಲ. ಒಂದು ಪಕ್ಕಕ್ಕೆ ಕುಸಿದಳು.

“ಅಮ್ಮ ಬಂದ್ಲು! ಮೈಮೇಲೆ ಅಮ್ಮ ಬಂದ್ಲು!” ಎಂದು ಹೆಂಗಸರು ಕೂಗಿದರು. ತಮಟೆಯವರು ಜೋರಾಗಿ ಬಡಿದರು. ಯಾರೋ ಅರಿಶಿನದ ನೀರು ಸುರಿದರು, ಯಾರೋ ಬೇವಿನ ಸೊಪ್ಪಿನಿಂದ ಮುಖಕ್ಕೆ ಬಡಿದರು. “ಏನು ಬೇಕು ತಾಯಿ, ಹೇಳು” ಎಂದು ಒಬ್ಬ ಮುದುಕಿ ಅವಳ ಬಾಯಿಗೆ ಕಿವಿ ಇಟ್ಟಳು.

ಚೆಲುವಿ ಹೇಳಿದ್ದು, “ಕೈ ಎಲ್ಲೋಯ್ತು” ಎಂದು. ಅದನ್ನೂ ಅಮ್ಮನ ಮಾತು ಎಂದುಕೊಂಡರು.

ಅವಳ ಮುಖದ ಎಡಗಡೆ ಜೋತುಬಿದ್ದಿತ್ತು. ನಾನು ತಮಟೆಯನ್ನು ಒದ್ದೆ. ಒಬ್ಬನ ಕಪಾಳಕ್ಕೆ ಹೊಡೆದೆ, ಯಾರು ಎಂದು ಈಗಲೂ ಗೊತ್ತಿಲ್ಲ. “ಅಮ್ಮನೂ ಇಲ್ಲ ಅಪ್ಪನೂ ಇಲ್ಲ, ಬುಡ್ರೋ ದಾರಿ!” ಎಂದು ಕಿರುಚಿದೆ. ಆಟೋ ಗುಡಿಯ ಹತ್ತಿರ ಬರುವಂತಿರಲಿಲ್ಲ. ಎತ್ತಿಕೊಂಡು ಓಡಿದೆ. ಕಾಳಯ್ಯ ಹಿಂದೆ ಅವಳ ಕಾಲು ಹಿಡಿದು ಓಡಿಬಂದ. ಅವಳ ಎದೆ ನನ್ನ ಕಿವಿಯ ಹತ್ತಿರವೇ ಇತ್ತು. ಆ ಟಿಕ್ ಟಿಕ್ ಸರಿಯಾಗಿ ಕೇಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ ಕೇಳುತ್ತಿತ್ತು.

ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರು. ವರ್ಷಿಣಿ ಡಾಕ್ಟರಮ್ಮ ಬಂದರು.

“ಮಾತ್ರೆ ನಿಲ್ಲಿಸಿದ್ದರಾ?”

“ಇಲ್ಲ ಮೇಡಂ. ದಿನಾ ನನ್ನ ಕಣ್ಣೆದುರಿಗೇ ತಗೋತಿದ್ಲು” ಎಂದ ಪ್ರೇಮ್‌ಕುಮಾರ್. ಅವನ ಕೈಯಲ್ಲಿ ಇನ್ನೂ ಹಸಿರು ಬಣ್ಣ ಅಂಟಿತ್ತು.

“ಐಎನ್‌ಆರ್ ನಿಮಗೂ ನನಗೂ ಇರೋವಷ್ಟಿದೆ. ಮಾತ್ರೆ ತಗೊಳ್ಳೋರ ರಕ್ತ ಅಲ್ಲ ಇದು.” ಅವರು ಬೈಯಲಿಲ್ಲ. ನಿಧಾನವಾಗಿ ಹೇಳಿದರು. ಮಾತ್ರೆ ನಿಂತ ಮೇಲೆ ಲಿವರ್ ಮತ್ತೆ ಪೂರ್ತಿ ಕೆಲಸ ಮಾಡಿದ ಅಂಶಗಳನ್ನು ಬಿಡತೊಡಗುತ್ತದೆ. ಆ ನಾಲ್ಕರಲ್ಲಿ ಒಂದು ಬೇಗ ತುಂಬುತ್ತದೆ, ಉಳಿದವು ಕೆಲವು ದಿನದಲ್ಲಿ. ಸೊಪ್ಪೂ ಅದಕ್ಕೆ ಕೈಜೋಡಿಸಿದೆ. ವಾಲ್ವಿನ ಮೇಲೆ ರಕ್ತ ಗಟ್ಟಿಯಾಗಿ, ಅದರದೊಂದು ಚೂರು ಮಿದುಳಿಗೆ ಹೋಗಿದೆ. ಎಲ್ಲ ಬೋಲ್ಟಿಗೂ ಥ್ರೆಡ್ ಬಿದ್ದಿತ್ತು ಎಂದು ನಾನು ಮನಸ್ಸಿನಲ್ಲಿ ಹೇಳಿಕೊಂಡೆ.

ಮಾತ್ರೆಗಳು ಆಮೇಲೆ ಸಿಕ್ಕವು. ಅರ್ಧ ಕಟ್ಟಿದ ಸೀರೆಗಳನ್ನು ಅವರವರಿಗೆ ವಾಪಸು ಕೊಡಲು ಪ್ರೇಮ್‌ಕುಮಾರ್ ಅವಳ ಮಣಿ ಡಬ್ಬಿ ತೆಗೆದ. ಮುತ್ತಿನ ಬಣ್ಣದ ಮಣಿಗಳ ನಡುವೆ ಮಾತ್ರೆಗಳು, ಅಂಚು ಕರಗಿದವು. ಅವನು ಡಬ್ಬಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಒಂದೊಂದೇ ಆರಿಸಿದ. ನಾನು ಅವನ ಎದುರು ಕೂತಿದ್ದೆ. ಆರಿಸಿ ಮುಗಿದ ಮೇಲೆ, “ಟೀ ಕುಡಿಯಣ್ವಾ ಭಾವ?” ಎಂದ. ಕುಡಿದೆವು.

ಅವಳು ಬದುಕಿದಳು. ಮುಖ ಸರಿಯಾಯಿತು, ಕಾಲು ಎಳೆದುಕೊಂಡು ನಡೆಯುತ್ತಾಳೆ. ಎಡಗೈ ತಿರುಗಿ ಬರಲಿಲ್ಲ. ಸೆರಗು ಹಿಡಿಯುವ ಕೈ ಅದೇ. ಒಂದೇ ಕೈಯಲ್ಲಿ ಕುಚ್ಚು ಕಟ್ಟಲು ಬರುವುದಿಲ್ಲ. ಸೀರೆಯ ಅಂಚನ್ನು ಕಾಲಿನ ಬೆರಳಲ್ಲಿ ಹಿಡಿದು ನೋಡಿದಳು. ಬೇರೆಯವರ ಮದುವೆ ಸೀರೆಯನ್ನು ಕಾಲಲ್ಲಿ ಹಿಡಿಯುವುದು ಸರಿಯಲ್ಲ ಎಂದು ತಾನೇ ಬಿಟ್ಟಳು.

ಕಾಳಯ್ಯ ಒಂದು ದಿನ ಅವಳ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ. ಅವನು ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲ ಈಚೆಗೇ ಕೂತ.

“ನಾನು ಸರಳು ಮುಟ್ಟದು ಬುಟ್ಬುಟ್ಟೆ ಕಣವ್ವ. ಈ ವರ್ಷ ನಿನ್ನ ಹೆಸ್ರಲ್ಲಿ ನಾನೇ ಬಾಯಿಬೀಗ ಹಾಕಿಸ್ಕತೀನಿ. ತೀರೋಯ್ತದೆ.”

“ಅವತ್ತೇ ಆಗಲ್ಲ ಅನ್ನಕ್ಕೆ ನಿನ್ ಬಾಯ್ಗೆ ಬೀಗ ಹಾಕಿತ್ತೇನೋ?” ಎಂದೆ ನಾನು. ಎದ್ದೂ ನಿಂತಿದ್ದೆ.

ಅವನು ನನ್ನ ಕಡೆ ನೋಡಲಿಲ್ಲ. “ಅನ್ನಬೇಕಾಗಿತ್ತು. ಅನ್ನನಿಲ್ಲ” ಎಂದ.

“ಅವನ್ಗೆ ಬಯ್ಯಬ್ಯಾಡ ಬುಡಣ್ಣ” ಎಂದಳು ಚೆಲುವಿ. ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. “ಕಾಳಣ್ಣ, ಬ್ಯಾಡ. ಅವ್ವ ಹೇಳ್ಕಂಡಿದ್ದು ನನ್ನ ಬಾಯಿ. ನಿನ್ನ ಬಾಯಿ ಅಲ್ಲ.”

ಕಾಳಯ್ಯ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಈಗ ಗುಡಿಯಲ್ಲಿ ಬೇರೆ ಯಾರೋ ಹಾಕುತ್ತಾರೆ. ಅವನು ಎದುರಿಗೆ ಬಂದರೆ ನಾನು ಗಾಡಿ ನಿಲ್ಲಿಸುವುದಿಲ್ಲ. ಅವನು ನಿಲ್ಲುತ್ತಾನೆ.

ಈಗ ಪ್ರೇಮ್‌ಕುಮಾರ್ ಸಂಜೆ ಮಾತ್ರೆ ಕೊಟ್ಟು, “ಆ ಅನ್ನು” ಎನ್ನುತ್ತಾನೆ. ಅವಳು ನಾಲಿಗೆ ಎತ್ತಿ ತೋರಿಸುತ್ತಾಳೆ. ತಿಂಗಳ ಟೆಸ್ಟು ಸರಿಯಾಗಿ ಬರುತ್ತಿದೆ. ಸೊಪ್ಪು ವಾರಕ್ಕೆ ಎರಡು ಸಲ, ಅದೇ ಬಟ್ಟಲಿನಲ್ಲಿ. ಹತ್ತಿರ ಕೂತರೆ ಟಿಕ್ ಟಿಕ್ ಕೇಳುತ್ತದೆ.

ಈ ವರ್ಷದ ಹಬ್ಬದ ತಮಟೆ ಅವಳ ಮನೆಯ ಮುಂದೆಯೇ ಹೋಯಿತು. ಅವಳು ಕಿಟಕಿ ಹಾಕಲಿಲ್ಲ, ಎದ್ದು ನೋಡಲೂ ಇಲ್ಲ. ಅವತ್ತು ಕಲ್ಲಿನ ಮೇಲೆ ಬಿದ್ದ ಸರಳನ್ನು ಗುಡಿಯವರು ಎತ್ತಿ ನನ್ನ ಕೈಗೆ ಕೊಟ್ಟಿದ್ದರು. ತಮಟೆ ದೂರ ಹೋದಮೇಲೆ ನಾನು ಕೇಳಿದೆ.

“ಸರಳನ್ನ ಹುಂಡಿಗೆ ಹಾಕ್ಬುಡ್ಲಾ? ಬೆಳ್ಳಿ ತಾನೆ. ಅಮ್ಮ ತಗತಾಳೆ.”

“ಹಾಕಿದ್ರೆ ತೀರ್ದಂಗಾಯ್ತದಾ ಅಣ್ಣ?”

ನನಗೆ ಇಂಥದ್ದೆಲ್ಲ ನಂಬಿಕೆಯಿಲ್ಲ. ಆಯ್ತದೆ ಎಂದುಬಿಡಬಹುದಿತ್ತು. “ಇಲ್ಲ” ಎಂದೆ.

“ಅಂಗಾರೆ ಇರ್ಲಿ” ಎಂದಳು.

ಸರಳು ಈಗ ಮಣಿ ಡಬ್ಬಿಯಲ್ಲಿದೆ.